ಸೆರೆಯ ಬಾಗಿಲು ತೆರೆದ ಮೇಲೆ
(ಕ್ರಿಸ್ತರಾಜರ ಹಬ್ಬದ ಪ್ರಬೋಧನೆ)



ಪೂಜಾವರ್ಷದ ಕೊನೆಯ ಭಾನುವಾರವಾದ ಇಂದು ಧರ್ಮಸಭೆಯು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತಿದೆ. ಜಗದ್ಗುರು ಹನ್ನೊಂದನೇ ಪಿಯೂಸ್‌ರವರು ಈ ಹಬ್ಬವನ್ನು 1925ರಲ್ಲಿ ಸ್ಥಾಪಿಸಿದರು. ಮೊದಲ ಮಹಾಯುದ್ಧದಲ್ಲಿ ರಾಜರ ಸಿಂಹಾಸನಗಳು ಉರುಳಿ, ಹೊಸ ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದ ಕಾಲವದು. ಲೋಕಕ್ಕೆ ಬೇರೊಬ್ಬ ರಾಜರಿದ್ದಾರೆ, ಅವರ ರಾಜ್ಯಕ್ಕೆ ಕೊನೆಯಿಲ್ಲ ಎಂದು ಜಗದ್ಗುರುಗಳು ಲೋಕಕ್ಕೆ ನೆನಪಿಸಿದರು. ಇಂದು ಸಂಜೆ ನಾವು ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಕೊಂಡೊಯ್ಯುತ್ತೇವೆ. ಬೀದಿ ಗುಡಿಸಿದ್ದೇವೆ, ತೋರಣ ಕಟ್ಟಿದ್ದೇವೆ, ಮಕ್ಕಳು ಹೂವಿನ ತಟ್ಟೆ ಹಿಡಿದು ಕಾಯುತ್ತಿದ್ದಾರೆ. ಅರಸರು ನಮ್ಮ ಬೀದಿಗೆ ಬರುತ್ತಾರೆಂಬ ಸಂತೋಷ ನಮ್ಮೆಲ್ಲರ ಮುಖದಲ್ಲಿದೆ.

ಆದರೆ ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯ ಆ ಅರಸರನ್ನು ಬೇರೆ ವೇಷದಲ್ಲಿ ತೋರಿಸುತ್ತದೆ. ಹಸಿದವನು, ಬಾಯಾರಿದವನು, ಪರಸ್ಥಳದವನು, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು: ಈ ಆರು ಮಂದಿಯಲ್ಲಿ ತಾವಿದ್ದೇವೆಂದು ಯೇಸುಸ್ವಾಮಿ ಹೇಳುತ್ತಾರೆ. ಮೊದಲ ಐವರಿಗೆ ನಾವು ಏನಾದರೂ ಮಾಡಿಯೇ ಇರುತ್ತೇವೆ. ಹಬ್ಬದ ದಿನ ಅನ್ನದಾನ ಮಾಡುತ್ತೇವೆ, ಚಳಿಗಾಲದಲ್ಲಿ ಕಂಬಳಿ ಹಂಚುತ್ತೇವೆ, ಆಸ್ಪತ್ರೆಗೆ ಹಣ್ಣು ಕೊಂಡೊಯ್ಯುತ್ತೇವೆ. ಆರನೆಯವನಿಗಾಗಿ ಕ್ರಿಸ್ತಜಯಂತಿಯ ವಾರದಲ್ಲಿ ಸೆರೆಮನೆಗೆ ಹೋಗಿ, ಹಾಡು ಹಾಡಿ, ಕೇಕು ಹಂಚಿ ಬರುತ್ತೇವೆ. ಇದೆಲ್ಲ ಒಳ್ಳೆಯದೇ. ಆದರೆ ಅರಸರು ಇನ್ನೊಂದು ಪ್ರಶ್ನೆ ಕೇಳಿದರೆ? "ನಾನು ಸೆರೆಯಲ್ಲಿದ್ದಾಗ ಬಂದಿರಿ, ಸಂತೋಷ. ನಾನು ಹೊರಗೆ ಬಂದ ದಿನ ನೀವೆಲ್ಲಿದ್ದಿರಿ?" ಎಂದು ಕೇಳಿದರೆ ನಮ್ಮ ಉತ್ತರವೇನು?

ಪ್ರಿಯರೇ, ಈ ಪ್ರಶ್ನೆಗೆ ನಾವು ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಂಡು ಉತ್ತರಿಸಬೇಕು. ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ಯುವಕನಿದ್ದ. ಬೇಲಿಯ ಜಗಳವೊಂದರಲ್ಲಿ ಕೈಮಾಡಿ ಸೆರೆಮನೆ ಸೇರಿದ. ವಿಚಾರಣೆ ಮುಗಿಯದೆ ವರ್ಷ ದಾಟಿತು. ಅಲ್ಲಿ ಅವನ ಮನಸ್ಸು ಕೆಟ್ಟಿತು. ಯಾರೂ ಇಲ್ಲದ ಕಡೆ ದನಿಗಳು ಕೇಳಿಸತೊಡಗಿದವು. ಸೆರೆಮನೆಯ ವೈದ್ಯರು ನೋಡಿ ಮಾತ್ರೆ ಕೊಟ್ಟರು. ರಾತ್ರಿ ತಪ್ಪದೆ ಮಾತ್ರೆ, ನಿದ್ದೆ. ನಿಧಾನವಾಗಿ ದನಿಗಳು ಅಡಗಿದವು. ಒಂದು ಶುಕ್ರವಾರ ಜಾಮೀನು ಸಿಕ್ಕಿತು. ಆದೇಶ ಸೆರೆಮನೆ ತಲುಪಿ, ಬಾಗಿಲು ತೆರೆಯುವಾಗ ಕತ್ತಲಾಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆ ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗಿ, ಮರುದಿನ ಮನೆ ಸೇರಿದ. ಜೇಬಿನಲ್ಲಿ ಮಾತ್ರೆಯೂ ಇರಲಿಲ್ಲ, ಮಾತ್ರೆಯ ಹೆಸರು ಬರೆದ ಚೀಟಿಯೂ ಇರಲಿಲ್ಲ.

ಕೆಲವು ವಾರಗಳಲ್ಲಿ ಅವನ ತಾಯಿ ನಮ್ಮ ಬಳಿ ಬಂದರು. "ಫಾದರ್, ಅವನಿಗೆ ನಿದ್ದೆಯೇ ಇಲ್ಲ, ರಾತ್ರಿಯೆಲ್ಲ ಒಬ್ಬನೇ ಮಾತಾಡುತ್ತಾನೆ" ಎಂದರು. ನಾವೇನು ಮಾಡಿದೆವು? ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ತೀರ್ಥ ಪ್ರೋಕ್ಷಿಸಿ, ಒಂದು ಜಪಸರ ಕೊಟ್ಟು, ಒಂಬತ್ತು ಮಂಗಳವಾರ ಸಂತ ಅಂತೋಣಿಯವರ ನೊವೇನಕ್ಕೆ ಕರೆತರಲು ಹೇಳಿ ಕಳುಹಿಸಿದೆವು. ಒಳಗೆ ಯಾವ ಮಾತ್ರೆ ಕೊಡುತ್ತಿದ್ದರೆಂದು ಕೇಳಲಿಲ್ಲ. ಭಾನುವಾರ ಅವನು ದೇವಾಲಯದೊಳಗೆ ಬರದೆ ಹೊರಗಿನ ಮರದ ಕೆಳಗೆ ನಿಲ್ಲುತ್ತಿದ್ದ. ಪೂಜೆ ಮುಗಿದ ಮೇಲೆ ತಾಯಂದಿರು ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದರು. ನಾವೂ ಕಂಡೂ ಕಾಣದಂತೆ ಇದ್ದೆವು. ಮೂರು ತಿಂಗಳಾಗುವಷ್ಟರಲ್ಲಿ ಒಂದು ರಾತ್ರಿ ಅವನು ಪಕ್ಕದ ಮನೆಯ ಕಿಟಕಿಗೆ ಕಲ್ಲೆಸೆದ. ಪೊಲೀಸರು ಬಂದರು. ಮತ್ತೆ ಸೆರೆಮನೆ.

ಆ ವರ್ಷವೂ ಕ್ರಿಸ್ತಜಯಂತಿಗೆ ನಾವು ಸೆರೆಮನೆಗೆ ಹೋದೆವು. ಮುಂದಿನ ಸಾಲಿನಲ್ಲಿ ಅವನು ತಲೆ ಬಾಚಿಕೊಂಡು ಕೂತು ಹಾಡುತ್ತಿದ್ದ. ಹಿಂತಿರುಗಿ ಬಂದು ತಾಯಿಗೆ ಸಮಾಧಾನ ಹೇಳಲು ಹೋದಾಗ ಆಕೆ ಹೇಳಿದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ: "ಅಲ್ಲಿಯೇ ಇರಲಿ ಬಿಡಿ ಫಾದರ್. ಅಲ್ಲಿ ಮಾತ್ರೆಯಾದರೂ ಕೊಡುತ್ತಾರೆ." ಒಬ್ಬ ತಾಯಿಗೆ ಮಗನ ಮನೆಗಿಂತ ಸೆರೆಮನೆಯೇ ಮೇಲೆನಿಸಿದರೆ, ನಮ್ಮ ಧರ್ಮಕೇಂದ್ರ ಇದ್ದೂ ಏನು ಪ್ರಯೋಜನ?

ಇದು ಒಬ್ಬ ತಾಯಿಯ ಕಥೆ ಮಾತ್ರವಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕುಡಿತ, ತಂಬಾಕು ಮುಂತಾದ ವ್ಯಸನಗಳನ್ನು ಬಿಟ್ಟು ಎಣಿಸಿದರೂ, ನೂರಕ್ಕೆ 27ಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ಮಾನಸಿಕ ಕಾಯಿಲೆ ಇತ್ತು. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿ 5,73,000ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಶಿಕ್ಷೆ ಮುಗಿಸಿ ಹೊರಬರುವವನ ದಿನ ಮೊದಲೇ ಗೊತ್ತಿರುತ್ತದೆ. ಜಾಮೀನಿನವನದು ಹಾಗಲ್ಲ. ಬೆಳಿಗ್ಗೆ ನ್ಯಾಯಾಲಯ, ಸಂಜೆ ಬೀದಿ. ಅಷ್ಟರಲ್ಲಿ ಔಷಧದ ಚೀಟಿ ಬರೆಯುವವರಾರು, ಊರಿನ ಆಸ್ಪತ್ರೆಗೆ ತಿಳಿಸುವವರಾರು? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,000ಕ್ಕೂ ಹೆಚ್ಚು ಮಂದಿಯ ಬಗ್ಗೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ 12 ಪಟ್ಟಿಗೂ ಹೆಚ್ಚಾಗಿತ್ತು. ಮಾದಕ ವಸ್ತು, ಆತ್ಮಹತ್ಯೆ ಮುಂತಾದವು ಅದಕ್ಕೆ ಕಾರಣ. ಒಳಗಿದ್ದ ದಿನಗಳಿಗಿಂತ ಹೊರಬಂದ ದಿನಗಳೇ ಅಪಾಯಕರವೆಂದು ಇದರಿಂದ ತಿಳಿಯುತ್ತದೆ.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ಇಂದು ಮನೆಗೆ ಹೋಗಿ ಓದಿರಿ. ಗೆರಸೇನರ ನಾಡಿನಲ್ಲಿ ಒಬ್ಬ ಮನುಷ್ಯ ಸಮಾಧಿಗಳ ನಡುವೆ ಬದುಕುತ್ತಿದ್ದ. ಊರವರು ಅವನಿಗೆ ಸರಪಳಿ ಬಿಗಿದಿದ್ದರು, ಅವನು ಹರಿದುಹಾಕುತ್ತಿದ್ದ. ಯೇಸುಸ್ವಾಮಿ ಅವನನ್ನು ಗುಣಪಡಿಸಿದರು. ಜನರು ಓಡಿಬಂದು ನೋಡಿದಾಗ ಅವನು ಬಟ್ಟೆ ಉಟ್ಟು, ಸ್ವಸ್ಥಬುದ್ಧಿಯಿಂದ ಕುಳಿತಿದ್ದ. ಆಗ ಏನಾಯಿತು? ಜನರಿಗೆ ಭಯವಾಯಿತು ಎಂದು ಶುಭಸಂದೇಶ ಹೇಳುತ್ತದೆ! ಅವನು ಕಿರುಚುತ್ತಾ ಕಲ್ಲಿನಿಂದ ಮೈ ಜಜ್ಜಿಕೊಳ್ಳುತ್ತಿದ್ದಾಗ ಆ ಊರು ಅದಕ್ಕೆ ಹೊಂದಿಕೊಂಡಿತ್ತು. ಅವನು ನೆಟ್ಟಗೆ ಕುಳಿತಾಗ ಹೆದರಿತು. ಏಕೆ? ಸಮಾಧಿಯಲ್ಲಿರುವವನಿಗೆ ಜಾಗ ಕೊಡಬೇಕಾಗಿಲ್ಲ. ಗುಣವಾಗಿ ಬಂದವನಿಗೆ ಪಂಕ್ತಿಯಲ್ಲಿ ಎಲೆ ಹಾಕಬೇಕಾಗುತ್ತದೆ.

ಆ ಮನುಷ್ಯ ಯೇಸುಸ್ವಾಮಿಯ ಜೊತೆ ಬರುತ್ತೇನೆಂದು ಬೇಡಿಕೊಂಡ. ಅವರು ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗೆಂದು ಕಳುಹಿಸಿದರು. ಅಂದರೆ ಅವನ ಬಿಡುಗಡೆ ಪೂರ್ತಿಯಾಗುವುದು ಅವನ ಮನೆಯಲ್ಲಿ, ಅವನ ಬೀದಿಯಲ್ಲಿ. ಪ್ರಭು ಸರಪಳಿ ಬಿಚ್ಚಿದರು. ಬಾಗಿಲು ತೆಗೆಯುವ ಕೆಲಸವನ್ನು ಊರಿಗೆ ಬಿಟ್ಟರು.

ಆ ಕೆಲಸ ಯಾರೂ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಅಸ್ಸಾಮಿನ ಮಾಚಾಂಗ್ ಲಾಲುಂಗ್ ಎಂಬವರನ್ನು 1951ರಲ್ಲಿ ಬಂಧಿಸಿ, ಮನಸ್ಸು ಸರಿಯಿಲ್ಲವೆಂದು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. 1967ರಲ್ಲಿ ವೈದ್ಯರು ಅವರು ಸ್ವಸ್ಥರಾಗಿದ್ದಾರೆಂದು ಬರೆದರು. ಆದರೂ ಅವರನ್ನು ಮನೆಗೆ ಬಿಡದೆ ಗುವಾಹಟಿಯ ಸೆರೆಮನೆಗೆ ಕಳುಹಿಸಿದರು. ವಿಚಾರಣೆಯೇ ನಡೆಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕಣ್ಣು ಹಾಯಿಸಿದ ಮೇಲೆ, 2005ರಲ್ಲಿ, 1 ರೂಪಾಯಿಯ ಮುಚ್ಚಳಿಕೆಯ ಮೇಲೆ ಅವರು ಹೊರಬಂದರು. ಒಳಗೆ ಕಳೆದದ್ದು 54 ವರ್ಷ. ಮನೆಯಲ್ಲಿ ಬದುಕಿದ್ದು ಎರಡು ವರ್ಷ ಚಿಲ್ಲರೆ, 2007ರಲ್ಲಿ ತೀರಿಕೊಂಡರು. ಅಪರಾಧವಿಲ್ಲದ ಮನೋರೋಗಿಗಳನ್ನು ಸೆರೆಮನೆಯಲ್ಲಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1993ರಲ್ಲೇ ತೀರ್ಪು ಕೊಟ್ಟಿತ್ತು. ತೀರ್ಪು ಕಾಗದದಲ್ಲಿತ್ತು, ಲಾಲುಂಗ್ ಒಳಗೇ ಇದ್ದರು. ಕಾನೂನಿಗೆ ಕಾಲು ಬರುವುದು ಯಾರಾದರೊಬ್ಬರು ಎದ್ದು ಹೋಗಿ ವಿಚಾರಿಸಿದಾಗ ಮಾತ್ರ.

ಧರ್ಮಸಭೆಯ ಚರಿತ್ರೆಯಲ್ಲಿ ಇನ್ನೊಬ್ಬರಿದ್ದಾರೆ. ಸಂತ ಜಾನ್ ಆಫ್ ಗಾಡ್ ಆಸ್ಪತ್ರೆಗಳ ಮತ್ತು ರೋಗಿಗಳ ಪಾಲಕ ಸಂತರೆಂದು ನಾವು ಬಲ್ಲೆವು. ಆದರೆ ಅವರೇ ಒಮ್ಮೆ ಹುಚ್ಚರ ಕೋಣೆಯಲ್ಲಿದ್ದರೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪೋರ್ಚುಗಲ್‌ನಲ್ಲಿ 1495ರಲ್ಲಿ ಹುಟ್ಟಿದ ಅವರು ಕುರುಬರಾಗಿ, ಸೈನಿಕರಾಗಿ, ಕೊನೆಗೆ ಸ್ಪೇನಿನ ಗ್ರನಾಡಾದಲ್ಲಿ ಪುಸ್ತಕ ಮಾರುವವರಾಗಿದ್ದರು. ಆವಿಲಾದ ಸಂತ ಜಾನ್‌ರ ಪ್ರಸಂಗ ಕೇಳಿ ಮನಸ್ಸು ಕದಡಿ, ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಅಲೆದರು. ಜನ ಅವರನ್ನು ಹಿಡಿದು ಅರಮನೆಯ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಆ ಕಾಲದಲ್ಲಿ ಹುಚ್ಚಿಗೆ ಚಾಟಿಯೇಟೇ ಚಿಕಿತ್ಸೆ. ಆವಿಲಾದ ಸಂತ ಜಾನ್ ಮಾತ್ರ ಅವರ ಕೈಬಿಡಲಿಲ್ಲ. ಗುರುವಾಗಿ ದಾರಿ ತೋರಿದರು. ಹೊರಬಂದ ಮೇಲೆ ಸೌದೆ ಹೊತ್ತು ಮಾರಿ, ಬಡರೋಗಿಗಳಿಗಾಗಿ ಮನೆಯೊಂದನ್ನು ತೆರೆದರು. ಅದು ಬೆಳೆದು ಇಂದು ಲೋಕದಾದ್ಯಂತ ಆಸ್ಪತ್ರೆಗಳಾಗಿವೆ. ಕೂಡಿಹಾಕಿದ್ದ ಒಬ್ಬ ಮನುಷ್ಯ ಹೊರಬಂದಾಗ ಕೈಹಿಡಿಯುವ ಒಬ್ಬ ಗುರು ಇದ್ದರು. ಅಷ್ಟೇ ವ್ಯತ್ಯಾಸ.

ಹಾಗಾದರೆ ನಾವೇನು ಮಾಡಬೇಕು? ದೊಡ್ಡ ಸಂಸ್ಥೆ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ. ವ್ಯವಸ್ಥೆ ಇದೆ, ಅಲ್ಲಿಯವರೆಗೆ ಕರೆದೊಯ್ಯುವ ಕೈ ಇಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನೋರೋಗಕ್ಕೆ ಔಷಧ ಸಿಗುವಂತೆ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಹರಡಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಬಡತನದ ರೇಖೆಯ ಕೆಳಗಿರುವವರಿಗೆ ಅದು ಉಚಿತ. ಸಮಾಜದ ನಡುವೆ ಬದುಕುವುದೂ ಹಕ್ಕೇ. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು ಲಾಕಪ್ಪಿನಲ್ಲಿಡದೆ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಇಷ್ಟು ನಮಗೆ ಗೊತ್ತಿದ್ದರೆ ಆ ರಾತ್ರಿ ಕಲ್ಲೆಸೆದ ಹುಡುಗನ ಜೊತೆ ಠಾಣೆಗೆ ಹೋಗಿ ಎರಡು ಮಾತಾಡಬಹುದಿತ್ತು.

ಆದುದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಬಿಡುಗಡೆಗೆ ಮುಂಚೆ. ಮನೆಯವರು ಭೇಟಿಗೆ ಹೋದಾಗ ಸೆರೆಮನೆಯ ವೈದ್ಯಾಧಿಕಾರಿಯನ್ನು ಕಂಡು ಕಾಯಿಲೆ ಏನು, ಮಾತ್ರೆ ಯಾವುದು, ಎಷ್ಟು ಎಂದು ಬರೆಸಿಕೊಳ್ಳಲಿ. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಲಿ. ಸೆರೆಯಲ್ಲಿರುವವರಿಗೂ ಮಾನಸಿಕ ಕಾಯಿಲೆಯವರಿಗೂ ಕಾನೂನು ನೆರವು ಉಚಿತ. ನಾಚಿಕೆಯಿಂದ ಮುಚ್ಚಿಡುವ ಮನೆಯವರಿಗೆ ಜೊತೆಯಾಗಿ ಹೋಗುವವರು ನಾವಾಗೋಣ.

ಎರಡನೆಯದು, ಬಿಡುಗಡೆಯ ದಿನ. ಸಂತ ವಿನ್ಸೆಂಟ್ ದೇ ಪೌಲರ ಸಭೆಯ ಇಬ್ಬರಾದರೂ ಬಾಗಿಲಲ್ಲಿರಲಿ. ಕೈಯಲ್ಲಿ ಬಸ್ಸಿನ ಖರ್ಚು, ಒಂದು ಊಟ, ಆ ಚೀಟಿ. ಅದೇ ವಾರದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ, ಇಲ್ಲವೇ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ವಿಚಾರಿಸಿ ಅಲ್ಲಿಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿರಿ. ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತಾರೆ, ಕನ್ನಡದಲ್ಲಿಯೂ.

ಮೂರನೆಯದು, ಮಾತ್ರೆಯ ವಿಷಯ. ಪ್ರಾರ್ಥನೆ ಬೇಕು, ಮಾತ್ರೆಯೂ ಬೇಕು. ವಿಶ್ವಾಸವಿದ್ದರೆ ಮಾತ್ರೆ ಬಿಡೆಂದು ಹೇಳುವವರು ಧರ್ಮಸಭೆಯ ಬೋಧನೆಯನ್ನು ಹೇಳುತ್ತಿಲ್ಲ. ಭೂತೋಚ್ಚಾಟನೆಗೆ ಮುನ್ನ ಅದು ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಾನಸಿಕ ಕಾಯಿಲೆ ವೈದ್ಯಶಾಸ್ತ್ರಕ್ಕೆ ಸೇರಿದ್ದು ಎಂದು ಕಥೋಲಿಕ ಧರ್ಮಸಭೆಯ ಸತ್ಯೋಪದೇಶವೇ ಹೇಳುತ್ತದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಗುರುಗಳೂ ಅದಕ್ಕೆ ಕೈಹಾಕುವಂತಿಲ್ಲ. ಹಾಗೆಯೇ "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ. ಕಾಯಿಲೆ ಮುಚ್ಚಿಟ್ಟು ಇನ್ನೊಬ್ಬರ ಮಗಳ ಬಾಳನ್ನು ಔಷಧ ಮಾಡಬಾರದು.

ನಾಲ್ಕನೆಯದು, ನಾಲಗೆಯ ವಿಷಯ. ನ್ಯಾಯಾಧೀಶರು ಜಾಮೀನು ಕೊಟ್ಟ ಮೇಲೂ ನಾವು ಜಾಮೀನು ಕೊಡುವುದಿಲ್ಲ. "ಜೈಲಿಗೆ ಹೋಗಿ ಬಂದವನು", "ಹುಚ್ಚ" ಎಂಬ ಎರಡು ಮಾತುಗಳಿಂದ ಅವನನ್ನು ಮನೆಯೊಳಗೇ ಸೆರೆಯಿಡುತ್ತೇವೆ. ಅವನ ತಂಗಿಯ ಸಂಬಂಧ ಮುರಿಯುತ್ತದೆ, ತಮ್ಮ ಶಾಲೆ ಬಿಡುತ್ತಾನೆ. ಒಬ್ಬನಿಗಾದ ಕಾಯಿಲೆಗೆ ಇಡೀ ಮನೆ ದಂಡ ತೆರುತ್ತದೆ.

ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆಯೆಂದು ಬಲ್ಲೆವು: "ಫಾದರ್, ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಅವನು ಏನಾದರೂ ಮಾಡಿದರೆ?" ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಅವನ ಕೈಯಿಂದ ನೊಂದ ಮನೆಯೂ ನಮ್ಮ ಧರ್ಮಕೇಂದ್ರದ್ದೇ. ಅವರ ನೋವನ್ನು ಮರೆತು ಕರುಣೆಯ ಮಾತಾಡುವುದು ಸುಲಭ. ಆದರೆ ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಅವರೇ ಕೇಡಿಗೆ ಗುರಿಯಾಗುವವರು. ಔಷಧ ತಪ್ಪಿ, ನಿದ್ದೆ ತಪ್ಪಿ, ಒಂಟಿಯಾಗಿ ಉಳಿದವನ ಬಗ್ಗೆ ಭಯಪಡುವುದಾದರೆ, ಅವನ ಔಷಧ ತಪ್ಪದಂತೆ, ಒಂಟಿಯಾಗದಂತೆ ನೋಡಿಕೊಳ್ಳುವುದೇ ನಮ್ಮ ಮಕ್ಕಳಿಗೂ ರಕ್ಷಣೆ.

ಆ ಯುವಕನಿಗೆ ಎರಡನೆಯ ಸಲ ಜಾಮೀನು ಸಿಕ್ಕಿದಾಗ ಇಬ್ಬರು ಹಿರಿಯರು ಬಾಗಿಲಲ್ಲಿದ್ದರು. ನಾವೂ ಇದ್ದೆವು. ಚೀಟಿ ಸಿಕ್ಕಿತ್ತು. ಕಾನ್ವೆಂಟಿನ ನರ್ಸ್ ಸಿಸ್ಟರ್ ವಾರಕ್ಕೊಮ್ಮೆ ಮಾತ್ರೆ ಎಣಿಸಿ ಕೊಡುತ್ತಿದ್ದರು. ಇಟ್ಟಿಗೆ ಕೆಲಸ ಮಾಡಿಸುವ ಒಬ್ಬರು ಬೆಳಿಗ್ಗೆ ಮಂಪರು ಇರುತ್ತದೆಂದು ತಿಳಿದು ಮಧ್ಯಾಹ್ನದ ಮೇಲಿನ ಅರ್ಧ ದಿನದ ಕೆಲಸ ಕೊಟ್ಟರು. ಎಲ್ಲವೂ ಸರಾಗವಾಗಲಿಲ್ಲ. ಗುಣವಾದೆನೆಂದು ಅವನು ಎರಡು ಸಲ ಮಾತ್ರೆ ಬಿಟ್ಟ. ಎರಡನೆಯ ಸಲ, ಅವನು ರಾತ್ರಿ ಅಂಗಳದಲ್ಲಿ ತಿರುಗಾಡುವುದನ್ನು ಮೊದಲು ಗಮನಿಸಿ ಓಡಿಬಂದು ನಮಗೆ ಹೇಳಿದವರು ಯಾರು ಗೊತ್ತೇ? ಕಿಟಕಿಯ ಗಾಜು ಒಡೆಸಿಕೊಂಡ ಅದೇ ಪಕ್ಕದ ಮನೆಯವರು. "ಫಾದರ್, ಹುಡುಗ ನಿದ್ದೆ ಮಾಡುತ್ತಿಲ್ಲ, ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ" ಎಂದರು. ಹೋದೆವು. ನಾವು ಆ ಧರ್ಮಕೇಂದ್ರದಿಂದ ವರ್ಗವಾಗುವವರೆಗೆ ಅವನು ಮತ್ತೆ ಸೆರೆಮನೆಗೆ ಹೋಗಲಿಲ್ಲ. ಪೂರ್ತಿ ಗುಣವಾದನೆಂದು ನಾವು ಹೇಳಲಾರೆವು. ಆದರೆ ಭಾನುವಾರ ಮರದ ಕೆಳಗೆ ನಿಲ್ಲುವುದನ್ನು ಬಿಟ್ಟು ತಾಯಿಯ ಪಕ್ಕದಲ್ಲಿ ಕೂರುತ್ತಿದ್ದ.

ಜಗದ್ಗುರು ಫ್ರಾನ್ಸಿಸ್‌ರವರು ಜ್ಯೂಬಿಲಿ ವರ್ಷದ ಆರಂಭದಲ್ಲಿ, 2024ರ ಡಿಸೆಂಬರ್ 26ರಂದು, ರೋಮಿನ ರೆಬಿಬ್ಬಿಯಾ ಸೆರೆಮನೆಯಲ್ಲಿ ಪವಿತ್ರ ದ್ವಾರವನ್ನು ತೆರೆದರು. ಮರುವರ್ಷ ತಾವು ತೀರಿಕೊಳ್ಳುವ ನಾಲ್ಕು ದಿನ ಮುಂಚೆ, ಪವಿತ್ರ ಗುರುವಾರ, ಉಸಿರಾಡಲು ಕಷ್ಟವಿದ್ದರೂ ಮತ್ತೊಂದು ಸೆರೆಮನೆಗೆ ಹೋಗಿ ಬಂದಿಗಳನ್ನು ಕಂಡರು. ಅವರು ಒಳಗಿನ ಬಾಗಿಲು ತೆರೆದು ತೋರಿಸಿದರು. ಹೊರಗಿನ ಬಾಗಿಲು ನಮ್ಮ ಮನೆಗಳದ್ದು.

ಇಂದು ಸಂಜೆ ಮೆರವಣಿಗೆ ಹೋಗುವ ಬೀದಿಯಲ್ಲಿ ದೀಪ ಹಚ್ಚದ, ಕದ ಮುಚ್ಚಿದ ಮನೆಯೊಂದು ಇದ್ದರೆ, ಒಳಗೆ ಯಾರಿದ್ದಾರೆಂದು ನಿಮಗೆ ಗೊತ್ತಿರುತ್ತದೆ. ಅರಸರು ಆ ಮನೆಯ ಮುಂದೆಯೂ ಹಾದುಹೋಗುತ್ತಾರೆ. ಈ ವಾರದಲ್ಲಿ ಒಂದು ಸಂಜೆ, ಹೂವಿನ ತಟ್ಟೆಯಿಲ್ಲದೆ, ಸುಮ್ಮನೆ ಹೋಗಿ ಆ ಕದ ತಟ್ಟಿರಿ. "ಮಾತ್ರೆ ಇದೆಯಾ, ಊಟ ಆಯ್ತಾ?" ಎಂದು ಕೇಳಿರಿ. ಕೊನೆಯ ದಿನ ನಮ್ಮನ್ನು ಕೇಳುವ ಪ್ರಶ್ನೆಯೂ ಅಷ್ಟೇ ಸರಳವಾಗಿರುತ್ತದೆ.

ಕ್ರಿಸ್ತರಾಜರೇ, ಬಂದಿಯಾಗಿ ಪಿಲಾತನ ಮುಂದೆ ನಿಂತವರೇ, ಹೆರೋದನ ಆಸ್ಥಾನದಲ್ಲಿ ಅಪಹಾಸ್ಯಕ್ಕೆ ಗುರಿಯಾದವರೇ, ಸೆರೆಯಿಂದ ಹೊರಬಂದು ದಿಕ್ಕು ಕಾಣದೆ ನಿಂತಿರುವ ನಿಮ್ಮ ಮಕ್ಕಳಲ್ಲಿ ನಿಮ್ಮನ್ನು ಗುರುತಿಸುವ ಕಣ್ಣನ್ನು ನಮಗೆ ಕೊಡಿರಿ. ಅವರ ತಾಯಂದಿರ ಕಣ್ಣೀರನ್ನು ಒರೆಸಿರಿ. ನಮ್ಮ ಕೈಗಳನ್ನು ಅದಕ್ಕೆ ಬಳಸಿಕೊಳ್ಳಿರಿ. ಆಮೆನ್.